ಫೈನಲ್‌ಗೆ ಐದು ವಾರ, ಮಂಡಿಗೆ ಏಳು ತಿಂಗಳ ನೋವು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಆತನಿಗೆ 24 ವರ್ಷ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ತರುವವನು. ಏಳು ತಿಂಗಳಿಂದ ಎಡ ಮಂಡಿಚಿಪ್ಪಿನ ಕೆಳಗೆ ನೋವು. ವೈದ್ಯರು ಜಂಪರ್ಸ್ ನೀ ಎಂದಿದ್ದರು. ನೆಗೆದು ನೆಗೆದು ಅಲ್ಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ) ಸೋಲುವ ತೊಂದರೆ ಇದು. ಮೈ ಬಿಸಿಯಾದರೆ ನೋವು ತಗ್ಗುತ್ತದೆ, ಮಾರನೇ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮತ್ತೆ ಹಿಡಿಯುತ್ತದೆ. ಹಾಗಾಗಿ ಮುಚ್ಚಿಡುವುದು ಸುಲಭ.

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲ ಎಂದು.

"ಆಡ್ತೀಯಾ ಅಂತ ಎಲ್ಲರೂ ಕೇಳ್ತಾರೆ ಮೇಡಂ. ಹ್ಞೂಂ ಅಂತೀನಿ. ಆಮೇಲೆ ಒಬ್ಬನೇ ಹೋಗಿ ಮಾತ್ರೆ ನುಂಗ್ತೀನಿ."

"ನೋವು ಎಷ್ಟಿದೆ ಅಂತ ಕೋಚ್‌ಗೆ ನಿಜ ಹೇಳಿದ್ದು ಯಾವಾಗ?" ಎಂದೆ. ತುಂಬ ಹೊತ್ತು ಸುಮ್ಮನಿದ್ದ. "ಹೇಳಿದರೆ ಹುಡುಗರು ಕುಗ್ಗಿಬಿಡ್ತಾರೆ. ಕಪ್ ಹೋದ ಹಾಗೇ." ಗಂಟು ಇದ್ದದ್ದು ಇಲ್ಲೇ. ಇಡೀ ತಂಡದ ಧೈರ್ಯವನ್ನು ತನ್ನ ಒಂದು ಸುಳ್ಳಿನ ಮೇಲೆ ನಿಲ್ಲಿಸಿಕೊಂಡಿದ್ದ.

"ಡುರಾಂಟ್ ಆಡಲಿಲ್ವಾ?" ಎಂದ. ಹೌದು, ಆಡಿದರು. 2019ರ ಎನ್‌ಬಿಎ (ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್) ಫೈನಲ್ಸ್. ಮೀನಖಂಡದ ಗಾಯದಿಂದ ಒಂದು ತಿಂಗಳು ಹೊರಗಿದ್ದ ಕೆವಿನ್ ಡುರಾಂಟ್ ಐದನೇ ಪಂದ್ಯಕ್ಕೆ ಮರಳಿದರು. ಸುಮಾರು 12 ನಿಮಿಷ, 11 ಪಾಯಿಂಟ್. ಅಷ್ಟರಲ್ಲಿ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಮುಂದಿನ ಇಡೀ ಸೀಸನ್ ಆಡಲಾಗಲಿಲ್ಲ. ಎದುರು ತಂಡ ಟೊರಾಂಟೊದ ಕವಾಯ್ ಲೆನಾರ್ಡ್ ಆ ವರ್ಷ ಲೀಗ್‌ನ 82 ಪಂದ್ಯಗಳಲ್ಲಿ ಆಡಿದ್ದು 60 ಮಾತ್ರ. ಮಧ್ಯೆ ಮಧ್ಯೆ ಬೇಕೆಂದೇ ವಿಶ್ರಾಂತಿ ಕೊಟ್ಟಿದ್ದರು. ಕಪ್ ಗೆದ್ದದ್ದು ಆ ತಂಡ. "ನಿಮ್ಮ ಗಾಯ ಬೇರೆ, ಒಪ್ತೀನಿ. ಆದರೆ ಹೊರಗೆ ಕೂತರೆ ತಂಡಕ್ಕೆ ಮೋಸ ಅಂತ ಅಂದುಕೊಂಡಿದ್ದೀರಲ್ಲ, ಅದು ನಿಜವಾ?" ಎಂದು ಕೇಳಿದೆ.

ಆಡಬೇಕೋ ಬೇಡವೋ ಎಂಬುದನ್ನು ನಾನು ಹೇಳುವಂತಿಲ್ಲ. ಅದು ವೈದ್ಯರು, ಫಿಸಿಯೋ ನೋಡಬೇಕಾದದ್ದು. ನಾನು ಕೇಳಿಕೊಂಡದ್ದು, ದಿನಾ ಬೆಳಿಗ್ಗೆ ಎಡಗಾಲ ಮೇಲೆ ನಿಂತು ಒಮ್ಮೆ ಅರ್ಧ ಕುಕ್ಕರಿಸಿ ಎದ್ದು, ನೋವಿಗೆ ಹತ್ತರಲ್ಲಿ ಅಂಕಿ ಬರೆಯಿರಿ. ಅದನ್ನು ಫಿಸಿಯೋಗೂ ಕೋಚ್‌ಗೂ ತೋರಿಸಿ. ವೈದ್ಯರನ್ನು ಕೇಳದೆ ಮಾತ್ರೆ ಬೇಡ, ಅದು ನೋವನ್ನು ಮರೆಸುತ್ತದೆ ಅಷ್ಟೇ. ಐದು ವಾರದಲ್ಲಿ ಪೂರ್ತಿ ವಾಸಿಯಾಗುತ್ತದೆ ಎಂದೂ ನಂಬಬೇಡಿ. ಸ್ನಾಯುರಜ್ಜಿಗೆ ತಿಂಗಳುಗಳು ಬೇಕು. ಸುಮ್ನೆ ಮಲಗಿದರೂ ಆಗದು, ಫಿಸಿಯೋ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಭಾರ ಕೊಡಬೇಕು. ನಿಮ್ಮ ಜಾಗದಲ್ಲಿ ಆಡುವ ಹುಡುಗನ ಜೊತೆ ಈಗಿನಿಂದಲೇ ಮಾತಾಡಿ.

ಮೊದಲ ದಿನದ ಅಂಕಿ 6. ಕೋಚ್ ಎರಡು ಪಂದ್ಯ ಕೂರಿಸಿದರು. ಒಂದರಲ್ಲಿ ತಂಡ ಸೋತಿತು. "ನಾನಿದ್ದಿದ್ದರೆ ಗೆಲ್ತಿದ್ವಿ" ಎಂದು ಬಂದು ಅತ್ತ. ಇರಬಹುದು ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ.

ಫೈನಲ್‌ನಲ್ಲಿ ಆತನಿಗೆ 22 ನಿಮಿಷ ಸಿಕ್ಕಿತು. ಕಪ್ ಬರಲಿಲ್ಲ. ಮಾರನೇ ಬೆಳಿಗ್ಗೆ ಮೆಸೇಜ್ ಬಂತು, ಬರೀ ಒಂದು ಅಂಕಿ: 3. ನಿದ್ದೆ ಬಂತಾ ಎಂದು ಕೇಳಿದೆ. ಬೆಳಗಿನ ಜಾವ ಬಂತು ಎಂದ.