ವೋಟರ್ ಲಿಸ್ಟಿಗೆ ಹೆಸರು ಕೊಟ್ಟರೆ ಟ್ಯಾಕ್ಸ್ ಏರುತ್ತಾ?

ನೀವು ಕೇಳಿದ್ದು ಇಷ್ಟು. ಇಂಗ್ಲೆಂಡಿನ ರೆಡಿಂಗಿಗೆ ಬಂದು ಎಂಟು ತಿಂಗಳಾಯ್ತು. ಇಷ್ಟು ದಿನ ಒಬ್ಬರೇ ಇದ್ದಿರಿ, ಹೋದ ತಿಂಗಳು ನಿಮ್ಮ ಹೆಂಡತಿ ದಾವಣಗೆರೆಯಿಂದ ಬಂದರು. ಈಗ ಕೌನ್ಸಿಲಿನಿಂದ, ಅಂದರೆ ಇಲ್ಲಿಯ ನಗರಸಭೆಯಿಂದ, ಒಂದು ಕಾಗದ ಬಂದಿದೆ: ಮನೆಯಲ್ಲಿ ಯಾರ್ಯಾರಿದ್ದೀರಿ, ವೋಟರ್ ಲಿಸ್ಟಿಗೆ ಬೇಕು, ತಿಳಿಸಿ ಅಂತ. ಇಬ್ಬರ ಹೆಸರೂ ಕೊಟ್ಟರೆ ಟ್ಯಾಕ್ಸ್ ಜಾಸ್ತಿ ಆಗುತ್ತಾ? ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ವೋಟು ಹಾಕಿದರೆ ವೀಸಾಕ್ಕೆ ತೊಂದರೆ ಆಗಲ್ವಾ? ಅಮೆರಿಕದಲ್ಲಿರುವ ಅಣ್ಣ ಬೇರೆ ಹೆದರಿಸಿದ್ದಾರೆ.

ವೋಟಿಗೂ ಟ್ಯಾಕ್ಸಿಗೂ ಸಂಬಂಧ ಇಲ್ಲ. ಆದರೂ ನಿಮ್ಮ ಮನೆಯ ಬಿಲ್ಲು ಏರುತ್ತದೆ. ಗೊಂದಲ ಆಯ್ತಲ್ವಾ? ನಾನೂ ಇಲ್ಲೇ ಎಡವಿದವಳು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮೂರಲ್ಲಿ ಮನೆ ಕಂದಾಯ ಅಂದರೆ ಮಾಲೀಕರ ತಲೆನೋವು. ಇಲ್ಲಿ ಕೌನ್ಸಿಲ್ ಟ್ಯಾಕ್ಸ್ ಕಟ್ಟುವುದು ಸಾಮಾನ್ಯವಾಗಿ ವಾಸ ಇರುವವರು, ಬಾಡಿಗೆದಾರರಾದರೂ ಸರಿ. (ಒಂದೊಂದು ರೂಮು ಒಬ್ಬೊಬ್ಬರಿಗೆ ಕೊಟ್ಟ ಮನೆಯಾದರೆ ಮಾಲೀಕರೇ ಕಟ್ಟುತ್ತಾರೆ.) ಮನೆಗಳನ್ನು ಎ ಯಿಂದ ಎಚ್ ವರೆಗೆ ಎಂಟು ಬ್ಯಾಂಡ್ ಮಾಡಿದ್ದಾರೆ. ಯಾವ ಬ್ಯಾಂಡ್ ಅನ್ನೋದು ಆ ಮನೆಗೆ 1991ರ ಏಪ್ರಿಲ್‌ನಲ್ಲಿ ಎಷ್ಟು ಬೆಲೆ ಬರುತ್ತಿತ್ತು ಅನ್ನುವುದರ ಮೇಲೆ. ಹೌದು, 1991. ಇಂಗ್ಲೆಂಡಿನಲ್ಲಿ ಆಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಪೂರ್ತಿ ಬಿಲ್ಲು ಅಂದರೆ ಇಬ್ಬರು ವಯಸ್ಕರಿದ್ದಾರೆ ಅಂತ ಲೆಕ್ಕ. ಮೂವರಿದ್ದರೂ ಐವರಿದ್ದರೂ ಅಷ್ಟೇ. ಒಬ್ಬರೇ ಇದ್ದರೆ 25% ಕಡಿಮೆ. ನಿಮಗೆ ಇಷ್ಟು ದಿನ ಸಿಗುತ್ತಿದ್ದದ್ದು ಈ ರಿಯಾಯಿತಿ.

ನಿಮ್ಮ ಹೆಂಡತಿ ಸೂಟ್‌ಕೇಸ್ ಇಳಿಸಿದ ದಿನವೇ ಅದು ಮುಗೀತು. ಅವರು ವೋಟರ್ ಲಿಸ್ಟಿಗೆ ಸೇರಲಿ, ಬಿಡಲಿ. ಬದಲಾವಣೆ ಆದ 21 ದಿನದೊಳಗೆ ಕೌನ್ಸಿಲಿಗೆ ತಿಳಿಸಬೇಕು. ಸುಮ್ನಿದ್ದರೆ 70 ಪೌಂಡ್ ದಂಡ ಹಾಕಬಹುದು, ಹಳೇ ಬಾಕಿ ಬೇರೆ. ಹೋದ ತಿಂಗಳು ಬಂದರು ಅಂದಿರಲ್ಲ, ಕ್ಯಾಲೆಂಡರ್ ನೋಡಿಕೊಳ್ಳಿ.

ನನ್ನ ಕತೆ ಕೇಳಿ. ನಾನು ಮೊದಲು ಒಬ್ಬಳೇ ಬಂದವಳು. ಎರಡು ವರ್ಷ ಬಿಟ್ಟು ಯಜಮಾನರು ಬಂದರು. ಮನೆ ಜೋಡಿಸುವುದು, ಅವರಿಗೆ ಕೆಲಸ ಹುಡುಕುವುದು, ಈ ಗಲಾಟೆಯಲ್ಲಿ ರಿಯಾಯಿತಿಯ ವಿಷಯ ಮರೆತೇ ಹೋಯಿತು. ಮುಂದಿನ ವರ್ಷ ಅವರು ವೋಟರ್ ಲಿಸ್ಟಿಗೆ ಹೆಸರು ಕೊಟ್ಟರು. ಸ್ವಲ್ಪ ದಿನಕ್ಕೇ ಕಾಗದ ಬಂತು: ವೋಟರ್ ಲಿಸ್ಟಿನಲ್ಲಿ ಇಬ್ಬರಿದ್ದೀರಿ, ಟ್ಯಾಕ್ಸ್ ಖಾತೆಯಲ್ಲಿ ಒಬ್ಬರೇ, ಏನು ಸಮಾಚಾರ? ಹೀಗೆ ಎರಡೂ ಪಟ್ಟಿ ತಾಳೆ ನೋಡುವುದು ಇಲ್ಲಿ ಮಾಮೂಲು. ಹದಿನಾಲ್ಕು ತಿಂಗಳ ಬಾಕಿ ಒಟ್ಟಿಗೆ ಕಟ್ಟಿದೆವು. ಆ ವರ್ಷ ಊರಿಗೆ ಹೋಗೋ ಟಿಕೆಟ್ಟಿನ ದುಡ್ಡು ಅಲ್ಲೇ ಕರಗಿತು. ಯಜಮಾನರು ಇವತ್ತಿಗೂ ವೋಟರ್ ಲಿಸ್ಟನ್ನೇ ಬೈಯುತ್ತಾರೆ. ತಪ್ಪು ನನ್ನದು, ನಾನು ಬಾಯಿ ಬಿಡಲ್ಲ.

ನಿಮ್ಮ ಗೆಳೆಯರಲ್ಲಿ ಸ್ಟೂಡೆಂಟ್ ವೀಸಾದವರಿದ್ದರೆ ಅವರ ಲೆಕ್ಕ ಬೇರೆ. ಮನೆಯಲ್ಲಿ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಟ್ಯಾಕ್ಸೇ ಇಲ್ಲ. ಒಬ್ಬರು ದುಡಿಯುವವರು, ಉಳಿದವರು ವಿದ್ಯಾರ್ಥಿಗಳಾದರೆ 25% ರಿಯಾಯಿತಿ. ವೋಟರ್ ಲಿಸ್ಟಿಗೆ ಸೇರಿದರೂ ಇದು ಹೋಗಲ್ಲ.

ಇನ್ನು ಅಮೆರಿಕದ ಅಣ್ಣನ ಮಾತು. ಅವರ ಮಟ್ಟಿಗೆ ಅವರು ಹೇಳಿದ್ದು ಸರಿ. ಅಲ್ಲಿ ಪೌರತ್ವ ಇಲ್ಲದವರು ಫೆಡರಲ್ ಚುನಾವಣೆಯಲ್ಲಿ ವೋಟು ಹಾಕಿದರೆ ಅದು ಅಪರಾಧ, ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಬಹುದು. ಬ್ರಿಟನ್ನಿನ ಕಾನೂನು ಬೇರೆ. ಭಾರತ ಕಾಮನ್‌ವೆಲ್ತ್ ದೇಶ. ಆದ್ದರಿಂದ ಸರಿಯಾದ ವೀಸಾದ ಮೇಲೆ ಇಲ್ಲಿ ವಾಸ ಇರುವ ಭಾರತೀಯರು ಪಾರ್ಲಿಮೆಂಟಿಗೂ ವೋಟು ಹಾಕಬಹುದು, ಕೌನ್ಸಿಲಿಗೂ ಹಾಕಬಹುದು. ನಿಮ್ಮ ಪಕ್ಕದ ಮನೆಯ ಜರ್ಮನಿಯವರಿಗೆ ಪಾರ್ಲಿಮೆಂಟ್ ವೋಟು ಇಲ್ಲ, ನಿಮಗಿದೆ! ಇದರಿಂದ ನಿಮ್ಮ ಭಾರತದ ಪೌರತ್ವ ಹೋಗಲ್ಲ. ಬ್ರಿಟಿಷ್ ಪೌರತ್ವ ತಗೊಂಡಾಗ ಮಾತ್ರ ಅದು ಹೋಗುತ್ತದೆ. ಆದಾಯ ತೆರಿಗೆಗೂ ಇದಕ್ಕೂ ಸಂಬಂಧ ಇಲ್ಲ. ಎರಡೂ ದೇಶದವರು ಮುಖ್ಯವಾಗಿ ಎಣಿಸುವುದು ನೀವು ಎಲ್ಲಿ ಎಷ್ಟು ದಿನ ಇದ್ದಿರಿ ಅಂತ.

ಕೌನ್ಸಿಲಿನ ಆ ಕಾಗದವನ್ನು ಮಾತ್ರ ಕಸದ ಬುಟ್ಟಿಗೆ ಹಾಕಬೇಡಿ. ಉತ್ತರ ಕೊಡದಿದ್ದರೆ ದಂಡಕ್ಕೆ ದಾರಿ ಇದೆ. ಅದರಲ್ಲಿ ಹೆಂಡತಿಯ ಹೆಸರು ಬರೆದರೆ ಅವರು ಪಟ್ಟಿಗೆ ಸೇರಿದರು ಅಂತಲೂ ಅಲ್ಲ. ಹಿಂದೆ ಮನೆಯ ಒಬ್ಬರು ಎಲ್ಲರ ಹೆಸರೂ ಬರೆದರೆ ಆಗುತ್ತಿತ್ತು. 2014ರಿಂದ ಅವರವರೇ ಅರ್ಜಿ ಹಾಕಬೇಕು. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ, ತೆರಿಗೆಯ ಲೆಕ್ಕಕ್ಕೆ ಸರ್ಕಾರ ಕೊಡುವ ನಂಬರ್) ಕೇಳುತ್ತಾರೆ, ಅವರಿಗೆ ಇನ್ನೂ ಬಂದಿಲ್ಲ ಅಂದರೆ ಹಾಗೇ ಬರೆಯಿರಿ, ಬೇರೆ ದಾಖಲೆ ಕೇಳಬಹುದು. ಓಪನ್ ರಿಜಿಸ್ಟರ್ (ವೋಟರ್ ಲಿಸ್ಟಿನಿಂದ ತೆಗೆದು ಮಾರಾಟಕ್ಕಿಡುವ ಬೇರೆ ಪಟ್ಟಿ) ಬೇಡ ಅನ್ನುವ ಕಡೆ ಟಿಕ್ ಹಾಕಿಬಿಡಿ. ಇಲ್ಲದಿದ್ದರೆ ಆ ಪಟ್ಟಿಯನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ತಗೋಬಹುದು, ಜಾಹೀರಾತಿನ ಕಾಗದ ಮನೆ ತುಂಬುತ್ತದೆ.

ಲಾಭವೂ ಇದೆ. ಸಾಲ ಕೊಡುವವರು, ಮೊಬೈಲ್ ಕಾಂಟ್ರಾಕ್ಟ್ ಕೊಡುವವರು ನಿಮ್ಮ ವಿಳಾಸ ನಿಜವೋ ಅಂತ ವೋಟರ್ ಲಿಸ್ಟಿನಲ್ಲೇ ನೋಡುತ್ತಾರೆ. ಹೊಸದಾಗಿ ಬಂದವರ ಕೈಯಲ್ಲಿ ಇಲ್ಲಿಯ ಸಾಲದ ಚರಿತ್ರೆ ಏನೂ ಇರಲ್ಲ. ಮುಂದೆ ಮನೆ ಸಾಲ ತಗೊಳ್ಳುವಾಗ ಇದು ಕೈಹಿಡಿಯುತ್ತದೆ.

ನಿಜವಾಗಿ ಪಟ್ಟಿಯಿಂದಲೇ ಬರುವ ಹೊಣೆ ಒಂದೇ: ಜ್ಯೂರಿ, ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಪು ಹೇಳಲು ಸಾಮಾನ್ಯ ಜನರನ್ನು ಕೂರಿಸುವುದು. ಕೋರ್ಟಿನವರು ಹೆಸರು ಎತ್ತುವುದು ವೋಟರ್ ಲಿಸ್ಟಿನಿಂದ. ಪೌರತ್ವ ಕೇಳಲ್ಲ, ಆದರೆ ಇಲ್ಲಿ ಐದು ವರ್ಷ ವಾಸ ಆಗಿರಬೇಕು. ಹಾಗಾಗಿ ನಿಮಗೆ ಸದ್ಯಕ್ಕಿಲ್ಲ. ನನಗೆ ಬಂತು, ಅದೂ ಆಫೀಸಿನಲ್ಲಿ ಕೆಲಸ ತಲೆ ಮೇಲೆ ಬಿದ್ದಿದ್ದ ತಿಂಗಳಲ್ಲಿ. ಒಂದು ಸಲ ಮುಂದೂಡಲು ಕೇಳಬಹುದು, ಕೇಳಿದೆ, ಒಪ್ಪಿದರು. ಆಮೇಲೆ ಎರಡು ವಾರ ಹೋಗಿ ಕೂತು ಬಂದೆ. ಸಂಬಳ ಕಡಿತವಾದರೆ ಕೋರ್ಟಿನವರು ಒಂದು ಮಿತಿಯವರೆಗೆ ತುಂಬಿಕೊಡುತ್ತಾರೆ. ಜ್ಯೂರಿ ಕೋಣೆಯಲ್ಲಿ ಏನೇನು ಮಾತಾಯ್ತು ಅಂತ ಯಾರಿಗೂ ಹೇಳೋ ಹಾಗಿಲ್ಲ. ನಮ್ಮಮ್ಮ ಫೋನಿನಲ್ಲಿ ಎಷ್ಟು ಕೇಳಿದರೂ ಹೇಳಲಿಲ್ಲ, ಇನ್ನೂ ಮುನಿಸಿದೆ.

ಮೊದಲು ಟ್ಯಾಕ್ಸ್ ವಿಭಾಗಕ್ಕೆ ಹೆಂಡತಿ ಬಂದ ತಾರೀಖು ತಿಳಿಸಿ, ಆಮೇಲೆ ಈ ಕಾಗದಕ್ಕೆ ಉತ್ತರ ಕೊಡಿ. ಮತಗಟ್ಟೆಗೆ ಹೋಗುವಾಗ ಗುರುತಿಗೆ ಭಾರತದ ಪಾಸ್‌ಪೋರ್ಟೇ ಸಾಕು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ, ಆಫೀಸು ಮುಗಿಸಿಯೇ ಹೋಗಬಹುದು. ಹಗ್ಗ ಕಟ್ಟಿದ ಒಂದು ಪೆನ್ಸಿಲು ಇರುತ್ತದೆ, ಕತ್ತರಿ ಗುರುತು ಹಾಕಿ ಡಬ್ಬಕ್ಕೆ ಬಿಟ್ಟರೆ ಮುಗೀತು. ಮೈಸೂರಿನ ಶಾಯಿ ಇಲ್ಲಿ ಹಚ್ಚಲ್ಲ. ಮೊದಲನೇ ಸಲ ನಾನು ಅಭ್ಯಾಸಬಲದಿಂದ ಎಡಗೈ ಚಾಚಿ ನಿಂತಿದ್ದೆ. ಅಲ್ಲಿದ್ದ ಅಜ್ಜಿ ಪಾಪ, ಕೈ ಕುಲುಕಿ ಕಳಿಸಿದರು.