ಹಳೇ ಮನೆ ಮಾರುವ ಮೊದಲೇ ಹೊಸತು ಕೊಂಡರೆ ಬ್ರಿಡ್ಜ್ ಲೋನ್ ಖರ್ಚೆಷ್ಟು?

ಕುಂಬಳೆಯ ಮನೆ ಮಾರುವ ಮೊದಲೇ ಕಾಸರಗೋಡಿನ ವಿದ್ಯಾನಗರದಲ್ಲಿ ಕೊಳ್ಳಲು 30 ಲಕ್ಷ ಬ್ರಿಡ್ಜ್ ಲೋನ್ (ಹಳೇ ಮನೆ ಮಾರಿದ ದುಡ್ಡು ಕೈಗೆ ಬರುವವರೆಗಿನ ತಾತ್ಕಾಲಿಕ ಸಾಲ) ತೆಗೆದರೆ ಎಷ್ಟು ಬೀಳುತ್ತದೆ ಅಂತ ಕೇಳಿದ್ದೀರಿ. ಬಡ್ಡಿ ಸಾಮಾನ್ಯವಾಗಿ ಗೃಹಸಾಲಕ್ಕಿಂತ ಜಾಸ್ತಿ. 11% ಅಂತ ಹಿಡಿಯಿರಿ, ತಿಂಗಳಿಗೆ 27,500 ರೂಪಾಯಿ ಬರೀ ಬಡ್ಡಿಗೇ ಹೋಗುತ್ತದೆ. ಪ್ರೊಸೆಸಿಂಗ್ ಫೀ 1% ಇದ್ದರೆ, 18% ಜಿಎಸ್‌ಟಿ ಸೇರಿ 35,400. ವಕೀಲರದ್ದು, ವ್ಯಾಲ್ಯುಯೇಷನ್‌ನದ್ದು ಬೇರೆ. ಕೇರಳದ 8% ಮುದ್ರಾಂಕ, 2% ನೋಂದಣಿ ಶುಲ್ಕ ಹೇಗೂ ಇದ್ದದ್ದೇ.

ನಿಜವಾದ ಹೊಡೆತ ತಡವಾದಾಗ. ನಮ್ಮ ಕಡೆ ಮಳೆಗಾಲದಲ್ಲಿ ಮನೆ ನೋಡಲು ಯಾರು ಬರ್ತಾರೆ? ಗಲ್ಫಿನವರಾದರೆ ರಜೆಯಲ್ಲಿ ಬಂದಾಗಲೇ ಮಾತುಕತೆ. ನಾಲ್ಕು ತಿಂಗಳು ಸುಮ್ನೆ ಕಳೆದರೆ 1.1 ಲಕ್ಷ ಹೋಯಿತು ಅಲ್ವಾ? ಇನ್ನೊಂದು: ಹೊಸ ಮನೆ ಕೊಂಡ ಒಂದು ವರ್ಷದೊಳಗೆ ಹಳೆಯದು ಮಾರದಿದ್ದರೆ, ಆ ಖರೀದಿ ತೋರಿಸಿ ಕ್ಯಾಪಿಟಲ್ ಗೇನ್ಸ್ ತೆರಿಗೆ (ಹಳೇ ಮನೆ ಮಾರಿ ಬಂದ ಲಾಭದ ಮೇಲಿನ ತೆರಿಗೆ) ಉಳಿಸಲು ಆಗುವುದಿಲ್ಲ.