ಸಲಹೆ ಪೆಟ್ಟಿಗೆ ಖಾಲಿ, ಮಾಲೀಕರಿಗೆ ನಿದ್ದೆಯಿಲ್ಲ

ತೀರ್ಥಹಳ್ಳಿ ಕಡೆಯವರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಹೆಸರು ಗಣೇಶ ಅಂತಿರಲಿ. ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಸಣ್ಣ ಘಟಕ ಇಟ್ಟಿದ್ದಾರೆ. ಕೆಲಸಕ್ಕೆ ಬರುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಯ ಹೆಂಗಸರು. ರಾತ್ರಿ ನಿದ್ದೆ ಬರಲ್ಲ, ಮನೆಯಲ್ಲಿ ಬರೀ ಸಿಡುಕು ಅಂತ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು.

"ಜಾಸ್ತಿ ತಟ್ಟೆಗೆ ಜಾಸ್ತಿ ದುಡ್ಡು ಅಂದೆ. ತಟ್ಟೆ ಜಾಸ್ತಿಯಾಯ್ತು, ಒಡಕೂ ಜಾಸ್ತಿಯಾಯ್ತು. ಸಲಹೆ ಪೆಟ್ಟಿಗೆ ಇಟ್ಟೆ, ಒಂದು ಚೀಟಿ ಬೀಳಲಿಲ್ಲ. ಇವರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ ಮೇಡಂ."

ಈ 'ಮನಸ್ಸಿಲ್ಲ' ಅನ್ನೋ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಕೆಲಸದವರ ಜೊತೆ ಮೀಟಿಂಗ್ ಯಾವಾಗ ಅಂತ ಕೇಳಿದೆ. ಸಂಜೆ, ಕೆಲಸ ಬಿಟ್ಟ ಮೇಲೆ. ಅವರ ಬಸ್ಸು? ಅದೂ ಆಗಲೇ. ಮಲೆನಾಡಿನ ಮಳೆಯಲ್ಲಿ ಕೊನೇ ಬಸ್ಸು ತಪ್ಪಿಸಿಕೊಂಡು ಯಾರು ಸಲಹೆ ಕೊಡುತ್ತಾರೆ?

ಇನ್ನೂ ಕೆದಕಿದೆ. ಹಾಳೆ ನೆನೆಸುವ ಕೆಲಸದ ಹಿರಿಯಳೊಬ್ಬಳು ಹೋದ ವರ್ಷವೇ ಹೇಳಿದ್ದಳಂತೆ: "ದಪ್ಪ ಹಾಳೆ, ತೆಳು ಹಾಳೆ ಒಟ್ಟಿಗೆ ನೆನೆಸಬೇಡಿ. ದಪ್ಪದ್ದು ಸರಿಯಾಗಿ ನೆನೆಯದೆ ಅಚ್ಚಿನಲ್ಲಿ ಸೀಳುತ್ತದೆ." ಗಣೇಶ "ನೋಡೋಣ" ಅಂದರು. ಅಲ್ಲಿಗೆ ಮುಗಿಯಿತು. ಉಳಿದವರೆಲ್ಲ ಅದನ್ನು ನೋಡಿದ್ದರು. ಪೆಟ್ಟಿಗೆ ಖಾಲಿ ಇದ್ದದ್ದರಲ್ಲಿ ಆಶ್ಚರ್ಯ ಏನಿದೆ?

ಅಮೆರಿಕದ ವರ್ಜೀನಿಯಾದಲ್ಲಿ ಒಂದು ಪೈಜಾಮ ಕಾರ್ಖಾನೆಯ ಪ್ರಯೋಗ ಇದೆ. ಕೋಚ್ ಮತ್ತು ಫ್ರೆಂಚ್ ಎಂಬವರು 1948ರಲ್ಲಿ ಪ್ರಕಟಿಸಿದ್ದು. ಕೆಲಸದ ರೀತಿ ಬದಲಾಗಬೇಕಿತ್ತು. ಸುಮ್ನೆ ಹೇಳಿಸಿಕೊಂಡ ಗುಂಪಿನಲ್ಲಿ ಉತ್ಪಾದನೆ ಬಿತ್ತು, ಮೇಲೇಳಲಿಲ್ಲ, ಕೆಲವರು ಕೆಲಸವನ್ನೇ ಬಿಟ್ಟರು. ಬದಲಾವಣೆಯನ್ನು ತಾವೇ ಕೂತು ರೂಪಿಸಿದ ಗುಂಪುಗಳು ಬೇಗ ಚೇತರಿಸಿಕೊಂಡು ಮೊದಲಿಗಿಂತ ಮುಂದೆ ಹೋದವು. ಗಣೇಶರಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಯಜಮಾನ ಯಾರು?" ಅಂದರು. ನಿದ್ದೆಗೆಡಿಸಿದ್ದು ಒಡಕಿಗಿಂತ ಈ ಭಯವೇ ಅಂತ ನನಗೆ ಅನ್ನಿಸಿತು.

ದರ, ಸಾಲ, ಗಿರಾಕಿ ಎಲ್ಲ ನಿಮ್ಮದೇ ಇರಲಿ ಅಂದೆ. ನೆನೆಸುವುದು, ವಿಂಗಡಿಸುವುದು ಮಾತ್ರ ಪೂರ್ತಿ ಅವರಿಗೆ ಬಿಡಿ. ಮೀಟಿಂಗ್ ಬೆಳಿಗ್ಗೆ, ಕೆಲಸದ ಹೊತ್ತಿನಲ್ಲೇ, ಆ ಹೊತ್ತಿಗೂ ಕೂಲಿ ಕೊಟ್ಟು ಮಾಡಿ. ಬಂದ ಸಲಹೆಗೆ ವಾರದೊಳಗೆ ಉತ್ತರ ಕೊಡಿ. ಆಗಲ್ಲ ಅಂದರೆ ಯಾಕೆ ಅಂತಲೂ ಹೇಳಿ. ಮೊದಲು ಆ ಹಿರಿಯಳನ್ನು ಎಲ್ಲರೆದುರು ಕೇಳಿ, ಹಾಳೆ ಹೇಗೆ ನೆನೆಸೋಣ ಅಂತ. ಪೆಟ್ಟಿಗೆ ತೆಗೆದುಬಿಡಿ.

ಮುಂದಿನ ಭೇಟಿಗೆ ಬಂದಾಗ ಒಡಕು ಕಡಿಮೆಯಾಗಿತ್ತು, ನಿದ್ದೆ ಅರ್ಧಂಬರ್ಧ ಬರುತ್ತಿತ್ತು. ಆದರೆ ಹೆಂಗಸರು ಈಗ ತಟ್ಟೆ ಲೆಕ್ಕದ ಕೂಲಿ ಬೇಡ, ದಿನದ ಸಂಬಳ ಕೊಡಿ ಅನ್ನುತ್ತಿದ್ದಾರೆ. "ಬಾಯಿ ಬಿಡಿಸಿದ್ದು ನೀವೇ" ಅಂತ ನನ್ನ ಮೇಲೆ ಸಿಟ್ಟಾದರು. ಲೆಕ್ಕದ ಪುಸ್ತಕ ತಂದು ಆ ಹೆಂಗಸರ ಜೊತೆಗೇ ಕೂತು ನೋಡಿ ಅಂದಿದ್ದೇನೆ. ಅದಕ್ಕೆ ಗಣೇಶ ಇನ್ನೂ ಒಪ್ಪಿಲ್ಲ.